ಒಳಗಿನಿಂದ ಹಾಕಿದ ಚಿಲಕ

2009ರ ಅಕ್ಟೋಬರ್ ಕೊನೆಯ ವಾರ. ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಬೀಡಿ ಬ್ರಾಂಚಿನ ಜಗಲಿಯಲ್ಲಿ ಕಟ್ಟು ಎಣಿಸಿಕೊಡುವ ಕೆಲಸ ನಿಂತೇಹೋಗಿತ್ತು. ಏಳೆಂಟು ಹೆಂಗಸರು, ನಡುವೆ ಒಂದು ಪೇಪರು. ಪೇಪರಿನಲ್ಲಿ ಬಂಟ್ವಾಳದ ಪೊಲೀಸರು ಹಿಡಿದ ಒಬ್ಬ ಮಾಸ್ಟ್ರ ಫೋಟೋ. ಅವನ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ತಮ್ಮ ತಮ್ಮ ಊರಿನಿಂದ ಹಿಂದಿನ ವರ್ಷಗಳಲ್ಲಿ ‘ಹೋದವರ’ ಲೆಕ್ಕ ತೆಗೆಯುತ್ತಿದ್ದರು. ಇಂಥವರ ಮಗಳು, ಇಂಥವರ ತಂಗಿ, ಅಂಗನವಾಡಿಗೆ ಹೋಗುತ್ತಿದ್ದವಳು. “ಹಾಗಾದರೆ ಅವಳು ಓಡಿಹೋದದ್ದಲ್ಲವಾ ಮಾರಾಯ್ತಿ?” ಎಂದು ಒಬ್ಬಾಕೆ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂತು.

ನಮ್ಮ ಕಡೆ ಹುಡುಗಿಯೊಬ್ಬಳು ಮನೆಬಿಟ್ಟರೆ ‘ಹೋದಳು’ ಎನ್ನುತ್ತಾರೆ. ಎಲ್ಲಿಗೆ ಎಂದು ಕೇಳುವುದಿಲ್ಲ, ಯಾರ ಒಟ್ಟಿಗೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಊಹೆಯಲ್ಲೇ ಸಿಕ್ಕಿಬಿಡುವುದರಿಂದ ಠಾಣೆಯ ಮೆಟ್ಟಿಲು ಹತ್ತುವ ಅಗತ್ಯ ಬೀಳುವುದಿಲ್ಲ. ಮರ್ಯಾದೆಯ ಮಾತು ಬೇರೆ ಇದೆ: ದೂರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ, ಹಿಂದೆ ಇನ್ನೂ ಇಬ್ಬರು ತಂಗಿಯರು ಮದುವೆಗೆ ಇದ್ದಾರೆ. ಸೈನೈಡ್ ಮೋಹನ ಎಂದು ಆಮೇಲೆ ಹೆಸರಾದ ಮೋಹನ್ ಕುಮಾರ್ ಐದಾರು ವರ್ಷ ಅಡಗಿಕೊಂಡಿದ್ದದ್ದು ಈ ‘ಹೋದಳು’ ಎಂಬ ಒಂದು ಮಾತಿನೊಳಗೆ. ಅವನನ್ನು ಹೇಗೆ ಹಿಡಿದರು ಎಂಬುದು ಈಗ ಎಲ್ಲರಿಗೂ ಸ್ವಲ್ಪಸ್ವಲ್ಪ ಗೊತ್ತಿರುವ ಕತೆ. ನನಗೆ ಅದರಲ್ಲಿ ಕುತೂಹಲ ಇರುವುದು ಬೇರೆ ಕಡೆ. ಇಪ್ಪತ್ತು ಹೆಣಗಳು ಮೊದಲೇ ಸಿಕ್ಕಿದ್ದವು. ಒಂದನ್ನೂ ಅವನು ಹೂತಿರಲಿಲ್ಲ, ಹೊಳೆಗೆ ಎಸೆದಿರಲಿಲ್ಲ. ಸಾವಿರಾರು ಜನ ಓಡಾಡುವ ಬಸ್ ನಿಲ್ದಾಣಗಳಲ್ಲಿ, ಹಾಡಹಗಲೇ, ಪೊಲೀಸರ ಕೈಗೇ ಸಿಕ್ಕಿದ್ದವು. ಪಂಚನಾಮೆ ಆಗಿತ್ತು, ಫೋಟೋ ತೆಗೆದಾಗಿತ್ತು, ಮರಣೋತ್ತರ ಪರೀಕ್ಷೆಯೂ ಮುಗಿದಿತ್ತು. ಹಾಗಾದರೆ 2009ರಲ್ಲಿ ಹೊಸದಾಗಿ ಕಂಡುಹಿಡಿದದ್ದಾದರೂ ಏನು?

ಕತೆ ಶುರುವಾದದ್ದು ಬಂಟ್ವಾಳ ತಾಲ್ಲೂಕಿನ ಬರಿಮಾರಿನಲ್ಲಿ. ಅದೇ ವರ್ಷ ಜೂನ್ 17ರಂದು ಅಲ್ಲಿನ 22 ವರ್ಷದ ಯುವತಿಯೊಬ್ಬಳು ಮನೆಯಿಂದ ಹೊರಟವಳು ವಾಪಸು ಬರಲಿಲ್ಲ. ಈ ಸಲ ಮನೆಯವರು, ಜಾತಿಯವರು ಸುಮ್ಮನಿರಲಿಲ್ಲ. ಸುಮ್ಮನಿರದೆ ಇದ್ದದ್ದಕ್ಕೆ ಕಾರಣವೂ ಹೇಳಿಕೊಳ್ಳುವಂಥದ್ದಲ್ಲ. ಆಕೆ ಇನ್ನೊಂದು ಕೋಮಿನ ಹುಡುಗನ ಒಟ್ಟಿಗೆ ಹೋಗಿದ್ದಾಳೆ ಎಂಬ ಗುಲ್ಲು ಎದ್ದಿತು. ಕರಾವಳಿಯಲ್ಲಿ ಆ ಬಗೆಯ ಗುಲ್ಲಿಗೆ ಒಂದು ಹೊಸ ಹೆಸರು ಹುಟ್ಟುತ್ತಿದ್ದ ದಿನಗಳು ಅವು. ಜನ ಬಂಟ್ವಾಳ ಠಾಣೆಯ ಎದುರು ಸೇರಿದರು, ಕೂಗಾಡಿದರು. ಪೊಲೀಸರು ಪತ್ತೆ ಮಾಡಿಕೊಡುತ್ತೇವೆಂದು ಗಡುವು ಕೊಟ್ಟು ಕಳಿಸಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಲ್ಲು ಪೂರ್ತಿ ಸುಳ್ಳಾಗಿತ್ತು. ಆದರೆ ಆ ಸುಳ್ಳು ಗುಲ್ಲು ಎದ್ದಿರದಿದ್ದರೆ ಬರಿಮಾರಿನ ಕಡತವೂ ಹಿಂದಿನವುಗಳ ಜೊತೆ ಕಪಾಟು ಸೇರುತ್ತಿತ್ತೇನೋ. ಹಿಂದಿನ ಹುಡುಗಿಯರಿಗಾಗಿ ಯಾರೂ ಠಾಣೆ ಎದುರು ಕೂಗಿರಲಿಲ್ಲ, ಏಕೆಂದರೆ ಅವರು ಯಾರ ಒಟ್ಟಿಗೆ ಹೋದರೂ ಊರಿನ ಸಿಟ್ಟಿಗೆ ವಸ್ತುವಾಗಿರಲಿಲ್ಲ. ಸಿಟ್ಟು ತಪ್ಪು ಮನೆಯ ಬಾಗಿಲು ತಟ್ಟಿತು. ತನಿಖೆ ಮಾತ್ರ ಸರಿಯಾದ ದಾರಿ ಹಿಡಿಯಿತು. ಇದನ್ನು ನಮ್ಮೂರಿನವರು ಒಪ್ಪಿಕೊಳ್ಳಲು ಇವತ್ತಿಗೂ ಮುಜುಗರಪಡುತ್ತಾರೆ. ನನಗೂ ಬರೆಯುವಾಗ ಕೈ ತಡೆಯುತ್ತದೆ.

ಪುತ್ತೂರು ಉಪವಿಭಾಗದ ಎಎಸ್‌ಪಿ ಆಗಿದ್ದ ಚಂದ್ರಗುಪ್ತ ಮತ್ತು ಬಂಟ್ವಾಳದ ಸರ್ಕಲ್ ಇನ್‌ಸ್ಪೆಕ್ಟರ್ ನಂಜುಂಡೇಗೌಡ ಅವರ ತಂಡ ಮೊದಲು ತರಿಸಿದ್ದು ಆಕೆಯ ಮೊಬೈಲ್ ಕರೆಗಳ ಪಟ್ಟಿ. ಪೊಲೀಸರ ಮಾತಿನಲ್ಲಿ ಸಿಡಿಆರ್. ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರಿನ ಕೆಳಗೆ ಎಂಬ ವಿವರ ಬಿಟ್ಟರೆ ಆ ಪಟ್ಟಿಯಲ್ಲಿ ಬೇರೇನೂ ಇರುವುದಿಲ್ಲ. ಏನು ಮಾತಾಡಿದರು ಎಂಬುದು ಅದರಲ್ಲಿ ಸಿಗದು. ರಾತ್ರಿ ಹೊತ್ತು ಮತ್ತೆಮತ್ತೆ ಒಂದೇ ನಂಬರಿನ ಜೊತೆ ಉದ್ದುದ್ದ ಮಾತು ನಡೆದದ್ದು ಕಂಡಿತು. ಪ್ರೇಮದ ಕರೆ, ಹುಡುಗ ಸಿಕ್ಕಿದ ಎಂದೇ ಅಂದುಕೊಂಡಿರಬೇಕು. ಆ ನಂಬರಿನ ಸಿಮ್ಮು ಯಾರ ಹೆಸರಲ್ಲಿದೆ ಎಂದು ನೋಡಿದರೆ ಒಬ್ಬ ಹೆಂಗಸಿನ ಹೆಸರು, ಮಡಿಕೇರಿ ಕಡೆಯ ವಿಳಾಸ. ಹುಡುಕಿಕೊಂಡು ಹೋದರೆ ಆ ಹೆಂಗಸೂ ಕಾಣೆ.

ಇಡೀ ಕತೆಯಲ್ಲಿ ನನಗೆ ಮೈ ಜುಮ್ಮೆನ್ನುವ ಜಾಗ ಇದು. ಎರಡನೆಯವಳ ಕರೆಗಳ ಪಟ್ಟಿ ತರಿಸಿದರು. ಅವಳ ಜೊತೆ ಮಾತಾಡಿದ ನಂಬರು ಮೂರನೆಯವಳದ್ದು, ಕಾಸರಗೋಡಿನ ಕಡೆಯವಳು. ಅವಳೂ ಕಾಣೆ. ಅಲ್ಲಿಂದ ಮುಂದೆ ಪುತ್ತೂರು ಕಡೆಯ ಇನ್ನೊಬ್ಬಳು. ಒಬ್ಬಳು ಸತ್ತ ಮೇಲೆ ಕೊಂದವನು ಅವಳ ಸಿಮ್ಮಿನಿಂದ ಮುಂದಿನವಳನ್ನು ಮಾತಾಡಿಸುತ್ತಿದ್ದ. ತನ್ನ ಹೆಸರಿನಲ್ಲಿ ಒಂದು ನಂಬರೂ ಇರಬಾರದೆಂಬ ಜಾಣತನ ಅದು. ಅದೇ ಜಾಣತನ ಕೊಂದವರನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿಟ್ಟಿತ್ತು. ಬೇರೆಬೇರೆ ಊರಿನ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಹೆಣ್ಣುಗಳು ಅವರ ಫೋನಿನ ಲೆಕ್ಕದಲ್ಲಿ ಮಾತ್ರ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು.

ಸಿಮ್ಮು ಬದಲಾದರೂ ಬದಲಾಗದ್ದು ಇನ್ನೊಂದಿದೆ. ಪ್ರತಿ ಹ್ಯಾಂಡ್‌ಸೆಟ್ಟಿಗೂ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಕರೆ ಹೋದಾಗಲೆಲ್ಲ ಸಿಮ್ಮಿನ ನಂಬರಿನ ಜೊತೆ ಆ ಸಂಖ್ಯೆಯೂ ಕಂಪನಿಯ ದಾಖಲೆಯಲ್ಲಿ ಕೂರುತ್ತದೆ. ಕಾಣೆಯಾದವರ ಹ್ಯಾಂಡ್‌ಸೆಟ್ಟು ಯಾವುದಾದರೂ ಒಂದು ದಿನ, ಯಾವುದಾದರೂ ಸಿಮ್ಮಿನ ಜೊತೆ ಬದುಕಿದರೆ ಸಾಕು. ದೇರಳಕಟ್ಟೆಯ ಕಡೆ ಒಂದು ಫೋನು ಹಾಗೆ ಬದುಕಿತು. ಅದನ್ನು ಬಳಸುತ್ತಿದ್ದದ್ದು ಒಬ್ಬ ಹುಡುಗ. ಎಲ್ಲಿಂದ ಬಂತು ಎಂದರೆ ಸಂಬಂಧದ ಹಿರಿಯರೊಬ್ಬರು ಕೊಟ್ಟದ್ದು ಎಂದ. ಆ ಹಿರಿಯರೇ ಬಂಟ್ವಾಳ ತಾಲ್ಲೂಕಿನ ಕನ್ಯಾನದ ಮೋಹನ್ ಕುಮಾರ್. ಹಿಂದೆ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. 2009ರ ಅಕ್ಟೋಬರ್ 21ರಂದು ಅವನ ಬಂಧನವಾಯಿತು.

ಅಲ್ಲಿಯವರೆಗೆ ಪೊಲೀಸರಲ್ಲಿದ್ದದ್ದು ಕಾಣೆಯಾದವರ ಸಾಲು. ಸತ್ತವರ ಸಾಲು ಬೇರೆಲ್ಲೋ ಇತ್ತು. ಎರಡನ್ನೂ ಜೋಡಿಸಿದ್ದು ಆಮೇಲಿನ ಕೆಲಸ, ಅದರ ಬಗ್ಗೆ ಪೇಪರಿನವರು ಕಡಿಮೆ ಬರೆದರು.

ಮೈಸೂರಿನ ಲಷ್ಕರ್ ಠಾಣೆ, ಬೆಂಗಳೂರಿನ ಉಪ್ಪಾರಪೇಟೆ ಠಾಣೆ. ಒಂದು ಮೈಸೂರಿನ ಸಬ್‌ಅರ್ಬನ್ ಬಸ್ ನಿಲ್ದಾಣದ ಹತ್ತಿರದ್ದು, ಇನ್ನೊಂದು ಮೆಜೆಸ್ಟಿಕ್‌ನ ಕೆಂಪೇಗೌಡ ನಿಲ್ದಾಣದ್ದು. ಹಾಸನ, ಮಡಿಕೇರಿ. ಅಲ್ಲೆಲ್ಲ ಒಂದೇ ಬಗೆಯ ಕಡತ ಬಿದ್ದಿತ್ತು. ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಬಾಗಿಲು ಬಹಳ ಹೊತ್ತಿನಿಂದ ತೆರೆದಿಲ್ಲ, ಬಡಿದರೂ ಉತ್ತರವಿಲ್ಲ, ಒಡೆದು ನೋಡಿದರೆ ಒಳಗೆ ಹೆಂಗಸೊಬ್ಬಳು ಬಿದ್ದಿದ್ದಾಳೆ. ಪ್ರಾಯ ಇಪ್ಪತ್ತರಿಂದ ಮೂವತ್ತೈದು. ಒಳ್ಳೆಯ ಸೀರೆ. ಮೈಮೇಲೆ ಒಡವೆ ಇಲ್ಲ. ವಿಳಾಸದ ಚೀಟಿ ಇಲ್ಲ. ಗಾಯದ ಗುರುತಿಲ್ಲ. ಚಿಲಕ ಒಳಗಿನಿಂದ ಹಾಕಿದೆ.

ಆ ಚಿಲಕವೇ ಎಲ್ಲರ ಕಣ್ಣು ಕಟ್ಟಿತು. ಒಳಗಿನಿಂದ ಚಿಲಕ ಹಾಕಿಕೊಂಡು ಸತ್ತವಳನ್ನು ಇನ್ನೊಬ್ಬರು ಕೊಂದಿರಲು ಸಾಧ್ಯವೇ? ಆತ್ಮಹತ್ಯೆ ಇರಬೇಕು, ಇಲ್ಲವೇ ಮೂರ್ಛೆರೋಗ. ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಯುಡಿಆರ್ ದಾಖಲಾಯಿತು. ಅಂದರೆ ಅಸಹಜ ಸಾವಿನ ವರದಿ. ಅದು ಅಪರಾಧದ ಪ್ರಕರಣವಲ್ಲ. ಆರೋಪಿ ಎಂಬ ಕಾಲಂ ಇಲ್ಲ, ಆದ್ದರಿಂದ ಆರೋಪಿಯನ್ನು ಹುಡುಕುವ ಅವಸರವೂ ಇಲ್ಲ. ‘ಅಪರಿಚಿತ ಹೆಂಗಸು’ ಎಂದು ಚಹರೆ ಪಟ್ಟಿ ಬರೆದು, ಕೆಲವು ದಿನ ಶವಾಗಾರದಲ್ಲಿಟ್ಟು, ವಾರಸುದಾರರು ಬರದಿದ್ದಾಗ ಮಣ್ಣು ಮಾಡಿದರು. ವಾರಸುದಾರರು ಬಂಟ್ವಾಳದಲ್ಲಿ, ಪುತ್ತೂರಿನಲ್ಲಿ, ಸುಳ್ಯದಲ್ಲಿ, ಮಗಳು ‘ಹೋದಳು’ ಎಂದುಕೊಂಡು ತಲೆತಗ್ಗಿಸಿ ಕೂತಿದ್ದರು.

ಚಿಲಕ ಹಾಕಿದ್ದು ಅವಳೇ ನಿಜ. ಹಾಕುವ ಹಾಗೆ ಮಾಡಿದ್ದು ಅವನು. ಮದುವೆಯ ಪ್ರಾಯ ದಾಟುತ್ತಿದ್ದ, ವರದಕ್ಷಿಣೆಗೆ ಗತಿ ಇಲ್ಲದ ಮನೆಯ ಹೆಣ್ಣುಗಳನ್ನು ಅವನು ಹುಡುಕುತ್ತಿದ್ದ. ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ದಿನವಿಡೀ ಬೀಡಿ ಕಟ್ಟಿ, ಆ ದುಡ್ಡಿನಲ್ಲಿ ಒಂದೊಂದೇ ಪವನು ಮಾಡಿಸಿಕೊಂಡವರು ನಮ್ಮ ಕಡೆ ಎಷ್ಟಿಲ್ಲ. ಅವರಿಗೆ ಅವನು ವರದಕ್ಷಿಣೆ ಬೇಡ ಎಂದ, ಸರ್ಕಾರಿ ಕೆಲಸ ಎಂದ, ಜಾತಿಯನ್ನು ಅವರವರ ಜಾತಿಗೆ ಹೊಂದಿಸಿ ಹೇಳಿದ. ದೂರದ ಊರಿನ ಲಾಡ್ಜಿನಲ್ಲಿ ಸುಳ್ಳು ಹೆಸರು ಬರೆದು ಗಂಡಹೆಂಡಿರೆಂದು ಒಂದು ರಾತ್ರಿ ಉಳಿದ. ಬೆಳಿಗ್ಗೆ ಒಡವೆಯನ್ನೆಲ್ಲ ರೂಮಿನಲ್ಲಿ ಬಿಡಿಸಿಟ್ಟು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬಂದು, ಬಸುರಾಗದಂತೆ ಮಾತ್ರೆ ತೆಗೆದುಕೋ, ತೆಗೆದುಕೊಂಡರೆ ವಾಂತಿ ಬರಬಹುದು, ಶೌಚಾಲಯಕ್ಕೆ ಹೋಗಿ ನುಂಗು ಎಂದ. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಲಾಡ್ಜಿಗೆ ವಾಪಸು ಬಂದು ಒಡವೆ ಕಟ್ಟಿಕೊಂಡು ಊರಿನ ಬಸ್ಸು ಹತ್ತಿದ. ಬರಿಮಾರಿನವಳಿಗೆ ಹೀಗಾದದ್ದು ಹಾಸನದ ನಿಲ್ದಾಣದಲ್ಲಿ.

ಮಾತ್ರೆಯಲ್ಲಿದ್ದದ್ದು ಸೈನೈಡ್. ಚಿನ್ನದ ಕೆಲಸದವರು ಒಡವೆ ಹೊಳೆಯಿಸಲು ಬಳಸುವುದರಿಂದ ನಮ್ಮ ಪೇಟೆಗಳಲ್ಲಿ ಅದು ಅಪರಿಚಿತ ವಸ್ತುವಲ್ಲ. ಅವನು ಚಿನ್ನದ ಕೆಲಸದವನ ಸೋಗಿನಲ್ಲೇ ಕೊಂಡುಕೊಂಡಿದ್ದ. ಅದರ ಗುಣ ತಿಳಿಯಲು ರಸಾಯನಶಾಸ್ತ್ರವೂ ಬೇಕಿಲ್ಲ, ಬೆಳ್ತಂಗಡಿ ಕಡೆ ದನ ಸಾಕಿದವರನ್ನು ಕೇಳಿದರೆ ಸಾಕು. ಹಸಿ ಮರಗೆಣಸಿನ ಸೊಪ್ಪು, ರಬ್ಬರಿನ ಎಲೆ ಹೊಟ್ಟೆತುಂಬ ತಿಂದ ದನ ಏದುಸಿರು ಬಿಟ್ಟು ನಡುಗಿ ಬೀಳುತ್ತದೆ. ಎಲೆಯೊಳಗಿನ ಸಂಯುಕ್ತ ಹೊಟ್ಟೆಯಲ್ಲಿ ಒಡೆದು ಸೈನೈಡ್ ಬಿಡುತ್ತದೆ, ಪಶುವೈದ್ಯರು ಬೇಗ ಬಂದರೆ ಥಯೋಸಲ್ಫೇಟ್ ಕೊಟ್ಟು ಉಳಿಸುತ್ತಾರೆ. ಮನುಷ್ಯನ ಹೊಟ್ಟೆಯಲ್ಲೂ ನಡೆಯುವುದು ಅದೇ. ಉಸಿರು ಒಳಗೆ ಹೋಗುತ್ತಲೇ ಇರುತ್ತದೆ, ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಜೀವಕೋಶಗಳಿಗೆ ಅದನ್ನು ಬಳಸಿಕೊಳ್ಳಲು ಬರುವುದಿಲ್ಲ. ತುಂಬಿದ ಬಾವಿಯ ಕಟ್ಟೆಯ ಮೇಲೆ ಬಾಯಾರಿ ಸತ್ತ ಹಾಗೆ. ಬಳಕೆಯಾಗದ ಆ ಆಮ್ಲಜನಕದಿಂದಲೇ ಹೆಣದ ರಕ್ತ, ಚರ್ಮದ ಮೇಲಿನ ಕಲೆ ಕೆಲವು ಸಲ ಮಾಮೂಲಿಗಿಂತ ಕೆಂಪಗೆ ಕಾಣುತ್ತದೆ.

ಈ ವಿಷದ ಹುಟ್ಟಿನ ಕತೆಯೂ ವಿಚಿತ್ರ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಬರ್ಲಿನ್ನಿನ ಬಣ್ಣ ತಯಾರಕ ಡೀಸ್‌ಬಾಖ್ ಕೆಂಪು ಬಣ್ಣ ಮಾಡಲು ಹೊರಟು ಕೈತಪ್ಪಿನಿಂದ ಗಾಢ ನೀಲಿ ಮಾಡಿದ. ಪ್ರಷ್ಯನ್ ನೀಲಿ ಎಂದು ಅದಕ್ಕೆ ಹೆಸರಾಯಿತು. 1782ರಲ್ಲಿ ಸ್ವೀಡನ್ನಿನ ಶೀಲೆ ಆ ನೀಲಿಯನ್ನು ಆಮ್ಲದ ಜೊತೆ ಕಾಯಿಸಿ ಅದರೊಳಗಿನಿಂದ ವಿಷವನ್ನು ಹೊರತೆಗೆದ. ಪ್ರಯೋಗಾಲಯದಲ್ಲಿ ಇದೇ ದಾರಿಯನ್ನು ಹಿಂದುಮುಂದಾಗಿ ನಡೆಯುತ್ತಾರೆ. ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ಬಟ್ಟಿ ಇಳಿಸಿ, ಕ್ಷಾರದ ಜೊತೆ ಕಬ್ಬಿಣದ ಲವಣ ಸೇರಿಸಿ ಕಾಯಿಸಿ, ಆಮ್ಲ ಹಾಕಿದಾಗ ಅದೇ ನೀಲಿ ಬಣ್ಣ ಎದ್ದರೆ ಸೈನೈಡ್ ಇತ್ತು ಎಂದರ್ಥ. ಪರೀಕ್ಷೆ ಸುಲಭ, ಕಾಯುವುದು ಕಷ್ಟ. ಸೈನೈಡ್ ಆವಿಯಾಗುತ್ತದೆ, ಕೊಳೆಯುತ್ತಿರುವ ದೇಹದಲ್ಲಿ ಬೇರೆಯ ರೂಪ ತಾಳುತ್ತದೆ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎನ್ನುತ್ತಾರಲ್ಲ, ಅದನ್ನು ಮೂಸಿ ಗುರುತಿಸುವ ಶಕ್ತಿ ಹುಟ್ಟಿನಿಂದಲೇ ಎಷ್ಟೋ ಜನರಿಗಿರುವುದಿಲ್ಲ. ಆತ್ಮಹತ್ಯೆ ಎಂದು ಮೊದಲೇ ಬರೆದಿಟ್ಟ ಕಡತದಲ್ಲಿ ವಿಷ ಸಿಕ್ಕಿದೆ ಎಂಬ ವರದಿ ಬಂದರೂ ಅದು ಆತ್ಮಹತ್ಯೆಗೆ ಪುಷ್ಟಿ ಕೊಡುತ್ತದೆಯೇ ಹೊರತು ಕೊಲೆಯ ಸಂಶಯ ಹುಟ್ಟಿಸುವುದಿಲ್ಲ. ನೀಲಿ ಬಣ್ಣ ‘ಏನು’ ಎಂಬುದನ್ನು ಹೇಳುತ್ತದೆ, ‘ಯಾರು’ ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ.

‘ಯಾರು’ ಎಂಬುದನ್ನು ಹೇಳಿದ್ದು ಫೋನಿನ ಲೆಕ್ಕ. ಇವೆಲ್ಲ ಕೊಲೆ ಎಂಬುದನ್ನು ಹೇಳಿದ್ದು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು. ಯಾವ ಠಾಣೆಯ ಬರಹಗಾರನೂ ಸುಳ್ಳು ಬರೆದಿರಲಿಲ್ಲ. ತನ್ನ ಸರಹದ್ದಿನ ಒಂದು ಹೆಣವನ್ನು ಮಾತ್ರ ನೋಡಿದ್ದ. ಒಂದನ್ನೇ ನೋಡಿದರೆ ಅದು ಆತ್ಮಹತ್ಯೆಯೇ. ಎರಡನ್ನು ನೋಡಿದರೆ ಸಂಶಯ ಬರಬೇಕು. ಐದನ್ನು ನೋಡಿದರೆ, ಒಡವೆ ಇಲ್ಲದ, ಒಳ್ಳೆಯ ಸೀರೆ ಉಟ್ಟ, ಬಸ್ ನಿಲ್ದಾಣದ ಚಿಲಕ ಹಾಕಿದ ಬಾಗಿಲಿನ ಹಿಂದಿನ ಐವರನ್ನು ಒಟ್ಟಿಗೆ ನೋಡಿದರೆ, ಯಾವ ಹೊಸ ಪೇದೆಗೂ ಗೊತ್ತಾಗುತ್ತದೆ. ಆದರೆ ಒಂದೇ ನಿಲ್ದಾಣದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೀಗಾದಾಗಲೂ ಗೊತ್ತಾಗಿರಲಿಲ್ಲ. ಇದಕ್ಕೆ ನಾನು ಠಾಣೆಯವರನ್ನು ಪೂರ್ತಿ ಕ್ಷಮಿಸಲಾರೆ. ಕೆಲಸದ ಒತ್ತಡ ಎಂಬುದು ನಿಜ. ಸತ್ತವಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲ ಎಂಬ ಧೈರ್ಯವೂ ಅಷ್ಟೇ ನಿಜ.

ಇಂಥದ್ದೇ ಕತೆ ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ನಡೆದಿತ್ತು. ಜಾರ್ಜ್ ಜೋಸೆಫ್ ಸ್ಮಿತ್ ಎಂಬವನು ಬೇರೆಬೇರೆ ಹೆಸರಿನಲ್ಲಿ ಮದುವೆಯಾಗುತ್ತ ಹೋದ. 1912ರಲ್ಲಿ ಹರ್ನ್ ಬೇ, 1913ರಲ್ಲಿ ಬ್ಲ್ಯಾಕ್‌ಪೂಲ್, 1914ರಲ್ಲಿ ಲಂಡನ್. ಮೂರು ಕಡೆಯೂ ಹೆಂಡತಿ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಳು, ಮೂರು ಕಡೆಯೂ ಆಕಸ್ಮಿಕ ಎಂದು ಬರೆದು ಮುಗಿಸಿದರು. ಮೂರನೆಯ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಎರಡನೆಯವಳ ತಂದೆಗೆ, ಇದು ನನ್ನ ಮಗಳ ಕತೆಯೇ ಅಲ್ಲವೇ ಎನ್ನಿಸಿತು. ಪೊಲೀಸರಿಗೆ ತಿಳಿಸಿದ. ಬ್ಲ್ಯಾಕ್‌ಪೂಲಿನಲ್ಲಿ ಸ್ಮಿತ್‌ಗೆ ರೂಮು ಕೊಟ್ಟಿದ್ದ ಮನೆಯವರೂ ಅದೇ ಸುದ್ದಿ ನೋಡಿ ಬರೆದರು. 1915ರಲ್ಲಿ ವಿಚಾರಣೆ ನಡೆದದ್ದು ಮೊದಲ ಹೆಂಗಸಿನ ಕೊಲೆಗೆ ಮಾತ್ರ, ಆದರೆ ಉಳಿದ ಎರಡು ಸಾವುಗಳನ್ನೂ ಸಾಕ್ಷ್ಯವಾಗಿ ಮುಂದಿಡಲು ನ್ಯಾಯಾಧೀಶರು ಒಪ್ಪಿದರು. ಒಮ್ಮೆ ಆದದ್ದು ಆಕಸ್ಮಿಕ, ಮೂರು ಸಲ ಹಾಗೇ ಆದರೆ ಆಕಸ್ಮಿಕ ಎನ್ನಲು ಬರುವುದಿಲ್ಲ. ನಮ್ಮ 1872ರ ಸಾಕ್ಷ್ಯ ಅಧಿನಿಯಮದ 15ನೇ ಕಲಮು ಹೇಳುತ್ತಿದ್ದದ್ದೂ ಸುಮಾರಾಗಿ ಇದನ್ನೇ.

ಸ್ಮಿತ್‌ನ ಕತೆಯಲ್ಲಿ ಒಬ್ಬ ತಂದೆ ಪೇಪರು ಓದಿದ. ನಮ್ಮ ಕತೆಯಲ್ಲಿ ಮೈಸೂರಿನ ಅಪರಿಚಿತ ಶವದ ನಾಲ್ಕು ಸಾಲಿನ ಸುದ್ದಿ ಕರಾವಳಿಯ ಆವೃತ್ತಿಗೆ ಬರುವುದಿಲ್ಲ. ಘಟ್ಟದ ಮೇಲಿನ ಸುದ್ದಿ ಘಟ್ಟದ ಮೇಲೆಯೇ ಉಳಿಯುತ್ತದೆ. ಘಟ್ಟ ಹತ್ತಿಸಿಕೊಂಡು ಹೋಗಿ ಕೊಂದದ್ದು ಅದಕ್ಕಾಗಿಯೇ ಇರಬಹುದು.

ಬಂಧನವಾದ ಮೇಲೆ ಊರೂರಿನ ಯುಡಿಆರ್ ಕಡತಗಳು ಬಂಟ್ವಾಳಕ್ಕೆ ಬಂದವು. ತಂದೆತಾಯಿಯರನ್ನು ಕರೆಸಿ ಫೋಟೋ ತೋರಿಸಿದರು. ಮುಖದಿಂದ ಗುರುತು ಸಿಗದಿದ್ದಲ್ಲಿ ಸೀರೆಯಿಂದ ಸಿಕ್ಕಿತು. ಹಬ್ಬಕ್ಕೆಂದು ತಾವೇ ತೆಗೆದುಕೊಟ್ಟ ಸೀರೆಯನ್ನು ಯಾವುದೋ ಊರಿನ ಪೊಲೀಸರ ಫೋಟೋದಲ್ಲಿ ನೋಡುವುದು ಎಂದರೆ ಏನು ಎಂಬುದನ್ನು ಬರೆಯಲು ನನ್ನಲ್ಲಿ ಪದ ಇಲ್ಲ. ಹಾಗೆ ಒಬ್ಬೊಬ್ಬರಾಗಿ ‘ಹೋದವರು’ ಸತ್ತವರಾದರು. ಲೆಕ್ಕ ಇಪ್ಪತ್ತಕ್ಕೆ ನಿಂತಿತು.

ಪೊಲೀಸರಿಗೆ ಗೊತ್ತಾಗುವುದು ಬೇರೆ, ಕೋರ್ಟಿನಲ್ಲಿ ನಿಲ್ಲುವುದು ಬೇರೆ. ಆರೋಪಿ ಪೊಲೀಸರೆದುರು ಇಪ್ಪತ್ತು ಕೊಲೆ ಮಾಡಿದೆ ಎಂದು ಹೇಳಿದರೂ ಆ ಹೇಳಿಕೆಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಅದನ್ನು ಹೊರಗಿಡುತ್ತಿತ್ತು. ಬೆಲೆ ಬರುತ್ತಿದ್ದದ್ದು 27ನೇ ಕಲಮಿನಿಂದ. ಒಡವೆಯನ್ನು ಇಂಥಲ್ಲಿ ಅಡವಿಟ್ಟಿದ್ದೇನೆ ಎಂದು ಅವನು ಹೇಳಿ, ಅಲ್ಲಿಗೆ ಹೋದಾಗ ಒಡವೆ ಸಿಕ್ಕಿದರೆ, ಆ ಸಿಕ್ಕಿದ್ದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ಒಳಗೆ ಬರುತ್ತದೆ. ಸಿಕ್ಕ ವಸ್ತುವಿನ ಜೊತೆಗೆ, ಅದು ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತು ಎಂಬುದೂ ಆ ಕಲಮಿನ ಪ್ರಕಾರ ಪತ್ತೆಯಾದ ಸಂಗತಿಯೇ ಎಂದು 1946ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ. ಈಗ ಹೊಸ ಸಾಕ್ಷ್ಯ ಅಧಿನಿಯಮ ಬಂದರೂ ಆ ತತ್ವ ಹಾಗೇ ಉಳಿದಿದೆ.

ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಚಿಲಕದ ಒಳಗೆ ಅವಳು ಒಬ್ಬಳೇ ಇದ್ದಳಲ್ಲ. ಹಾಗಾಗಿ ಎಲ್ಲವೂ ಸಾಂದರ್ಭಿಕ ಸಾಕ್ಷ್ಯ: ಕರೆಗಳ ಪಟ್ಟಿ, ಲಾಡ್ಜಿನ ಪುಸ್ತಕ, ಒಡವೆ, ಸಾವಿನ ಊರಿನಲ್ಲಿ ಆ ದಿನ ಅವನು ಇದ್ದ ಎಂಬ ಲೆಕ್ಕ. 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾಕ್ಷ್ಯಕ್ಕೆ ಐದು ನಿಯಮ ಹಾಕಿ, ಅವನ್ನು ಪಂಚಶೀಲ ಎಂದು ಕರೆದಿದೆ. ಸರಪಳಿಯ ಒಂದು ಕೊಂಡಿಯೂ ತಪ್ಪಬಾರದು, ಆರೋಪಿ ನಿರಪರಾಧಿ ಇರಬಹುದು ಎನ್ನುವ ಊಹೆಗೆ ಎಲ್ಲೂ ಜಾಗ ಉಳಿಯಬಾರದು ಎಂಬುದು ಅದರ ಸಾರ. ಬೇರೆಬೇರೆ ಸಮಯದ ಕೊಲೆಗಳಾದ್ದರಿಂದ ವಿಚಾರಣೆಯೂ ಬೇರೆಬೇರೆ ನಡೆಯಿತು. ಅಷ್ಟು ಕಷ್ಟಪಟ್ಟು ಒಂದು ದಾರದಲ್ಲಿ ಪೋಣಿಸಿದ್ದನ್ನು ಕಾನೂನು ಮತ್ತೆ ಇಪ್ಪತ್ತು ಕಡತ ಮಾಡಿತು. ಆರೋಪಿಯ ಹಕ್ಕಿನ ದೃಷ್ಟಿಯಿಂದ ಅದೇ ಸರಿ. ಆದರೆ ಇಪ್ಪತ್ತನೆಯ ಕಡತದ ತಂದೆತಾಯಿ ಎಷ್ಟು ವರ್ಷ ಕಾಯಬೇಕು ಎಂಬುದಕ್ಕೆ ಪಂಚಶೀಲದಲ್ಲಿ ಉತ್ತರವಿಲ್ಲ.

ವಕೀಲರು ಬೇಡವೆಂದು ಮೋಹನ್ ತಾನೇ ವಾದ ಮಾಡಿದ. ಮಂಗಳೂರಿನ ನ್ಯಾಯಾಧೀಶ ಬಿ.ಕೆ. ನಾಯಕ್ 2013ರ ಡಿಸೆಂಬರ್ 17ರಂದು ಮೊದಲ ಮೂರು ಪ್ರಕರಣಗಳಲ್ಲಿ ಅವನು ತಪ್ಪಿತಸ್ಥನೆಂದು ಹೇಳಿ, 21ರಂದು ಮರಣದಂಡನೆ ವಿಧಿಸಿದರು. ಹೈಕೋರ್ಟಿನಲ್ಲಿ ಎಲ್ಲವೂ ಹಾಗೇ ನಿಲ್ಲಲಿಲ್ಲ. ಬರಿಮಾರಿನ ಪ್ರಕರಣದ ಮರಣದಂಡನೆಯನ್ನು 2017ರಲ್ಲಿ ಹೈಕೋರ್ಟು ಸಾಯುವವರೆಗಿನ ಜೀವಾವಧಿ ಶಿಕ್ಷೆಯಾಗಿ ಬದಲಾಯಿಸಿತು. ಉಳಿದ ಪ್ರಕರಣಗಳು ಒಂದೊಂದಾಗಿ ಮಂಗಳೂರಿನಲ್ಲಿ ನಡೆಯುತ್ತಲೇ ಇದ್ದವು. ಆ ಹೊತ್ತಿಗೆ ಪೇಪರಿನಲ್ಲಿ ಅವು ಒಳಪುಟದ ಸಣ್ಣ ಸುದ್ದಿಯಾಗಿದ್ದವು.

ಊರೂರಿನ ಕಡತಗಳನ್ನು ಜೋಡಿಸಿ ನೋಡುವ ಕಷ್ಟ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದಲ್ಲಿ ಪಿಯರ್ಸ್ ಬ್ರೂಕ್ಸ್ ಎಂಬ ಲಾಸ್ ಏಂಜಲೀಸ್‌ನ ಪತ್ತೇದಾರ 1950ರ ದಶಕದಲ್ಲಿ, ಒಬ್ಬನೇ ಮಾಡಿರಬಹುದಾದ ಕೊಲೆಗಳನ್ನು ಹುಡುಕಲು ಬಿಡುವಿನ ವೇಳೆಯಲ್ಲಿ ಲೈಬ್ರರಿಗೆ ಹೋಗಿ ಹಳೆಯ ಪೇಪರು ತಿರುವಿಹಾಕುತ್ತಿದ್ದ. ಬೇರೆ ದಾರಿ ಇರಲಿಲ್ಲ. ಅವನ ಒತ್ತಾಯದಿಂದಲೇ 1985ರಲ್ಲಿ ಎಫ್‌ಬಿಐ ಹಿಂಸಾಪರಾಧಗಳ ವಿವರಗಳನ್ನು ಒಂದೆಡೆ ಕೂಡಿಸಿ ಹೋಲಿಸುವ ವ್ಯವಸ್ಥೆ ಶುರುಮಾಡಿತು. ಅಲ್ಲಿನ ಅಪರಾಧಶಾಸ್ತ್ರಜ್ಞ ಸ್ಟೀವನ್ ಎಗರ್ ಠಾಣೆಠಾಣೆಗಳ ನಡುವಿನ ಈ ಕುರುಡುತನಕ್ಕೆ ಒಂದು ಹೆಸರು ಕೊಟ್ಟ. ಕನ್ನಡದಲ್ಲಿ ಕೊಂಡಿಗುರುಡು ಎನ್ನಬಹುದು. ನಮ್ಮಲ್ಲಿ ದೇಶದ ಠಾಣೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಒಪ್ಪಿಗೆ ಕೊಟ್ಟದ್ದು 2009ರ ಜೂನ್ 19ರಂದು. ಬರಿಮಾರಿನವಳು ಮನೆಯಿಂದ ಹೊರಟು ಎರಡು ದಿನವಾಗಿತ್ತು.

ಈಗ ಲಾಯಿಲದ ಹುಡುಗಿ ಕಾಣೆಯಾದರೆ ಆ ದೂರನ್ನು ಮೈಸೂರಿನ ಶವದ ಚಹರೆಯ ಜೊತೆ ತಾಳೆ ನೋಡಲು ದಾರಿ ಇದೆ. ತಾಳೆ ನೋಡಲು ಮೊದಲು ದೂರು ಇರಬೇಕು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ಹೊರಟವರು ಹೊತ್ತಿಗೆ ಬರದಿದ್ದರೆ, ಯಾರ ಒಟ್ಟಿಗೆ ಎಂಬ ಮಾತು ಬಿಟ್ಟು ಅದೇ ದಿನ ಠಾಣೆಗೆ ಹೋಗಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಕಾನೂನು ಇಲ್ಲ. ಇತ್ತೀಚಿನ ಫೋಟೋ, ಉಟ್ಟಿದ್ದ ಬಟ್ಟೆ, ಮೈಮೇಲಿನ ಒಡವೆ, ಫೋನಿನ ನಂಬರು ಬರೆಸಿ. ಫೋನಿನ ಪೆಟ್ಟಿಗೆ ಸಿಕ್ಕಿದರೆ ಐಎಂಇಐ ಸಂಖ್ಯೆಯನ್ನೂ ಕೊಡಿ. ದೂರಿನ ಪ್ರತಿ ಕೇಳಿ ತೆಗೆದುಕೊಳ್ಳಿ.

ಇಪ್ಪತ್ತನೆಯ ಹಾಗೂ ಕೊನೆಯ ಪ್ರಕರಣದ ಶಿಕ್ಷೆ ಪ್ರಕಟವಾದದ್ದು 2020ರ ಜೂನಿನಲ್ಲಿ. ಅದು ಕಾಸರಗೋಡಿನ ಕಡೆಯ 25 ವರ್ಷದ ಯುವತಿಯದ್ದು. ಅವಳು ಮನೆಬಿಟ್ಟದ್ದು 2009ರಲ್ಲಿ.